ಇಂಗಿನ ಗಿಡಕ್ಕೆ ಬೀಜ ಕಟ್ಟುವಷ್ಟು ಆಯುಷ್ಯ ಬೇಕು

ಮಾನ್ಯ ಸಂಪಾದಕರೇ,

ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಇಂಗು ಬೆಳೆಯುವ ಪ್ರಯತ್ನದ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆಮದಿಗೆ ತಗಲುವ ಹಣದ ಲೆಕ್ಕ ಅದರಲ್ಲಿ ವಿವರವಾಗಿಯೇ ಇದೆ. ಆದರೆ ಆ ಗಿಡ ಎಂಥದ್ದು, ಯಾವ ಬಗೆಯ ನೆಲದಲ್ಲಿ ಹೇಗೆ ಬದುಕುತ್ತದೆ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲದ್ದು ಬೇಸರ ತಂದಿತು.

ಕೊತ್ತಂಬರಿ, ಜೀರಿಗೆ, ಓಮಗಳಂತೆ ಇಂಗು ಕೂಡ ಕ್ಯಾರೆಟ್ ಕುಟುಂಬದ ಸಸ್ಯ. ಇರಾನ್ ಮತ್ತು ಅಫ್ಗಾನಿಸ್ತಾನದ ಒಣ ಬೆಟ್ಟಸೀಮೆ ಅದರ ತವರು. ಕೊರೆಯುವ ಚಳಿಗಾಲ, ಮಳೆಯಿಲ್ಲದ ಬೇಸಿಗೆ, ನೀರು ನಿಲ್ಲದ ಮರಳುಮಿಶ್ರಿತ ಮಣ್ಣು, ಈ ಮೂರೂ ಅದಕ್ಕೆ ಬೇಕು. ವಸಂತದಲ್ಲಿ ಚಿಗುರಿದ ಎಲೆಗಳು ಬೇಸಿಗೆಯ ಹೊತ್ತಿಗೆ ಒಣಗಿಹೋಗುತ್ತವೆ. ಅಷ್ಟರೊಳಗೆ ತಯಾರಾದ ಆಹಾರವೆಲ್ಲ ದಪ್ಪನೆಯ ತಾಯಿಬೇರಿಗೆ ಇಳಿದಿರುತ್ತದೆ. ಹೀಗೆ ಹಲವು ವರ್ಷ ಕೂಡಿಟ್ಟ ಮೇಲೆ ಆ ಗಿಡ ಒಂದೇ ಒಂದು ಸಲ ಆಳೆತ್ತರದ ಕಾಂಡವನ್ನು ಎತ್ತಿ, ಕೊಡೆಯಾಕಾರದ ಹಳದಿ ಹೂಗೊಂಚಲುಗಳನ್ನು ಬಿಟ್ಟು, ಬೀಜ ಕಟ್ಟಿ ಸಾಯುತ್ತದೆ.

ಇಂಗು ತೆಗೆಯುವುದು ಆ ಹೂವು ಅರಳುವ ಮುನ್ನ. ಬುಡದ ಮಣ್ಣು ಸರಿಸಿ, ಬೇರಿನ ತಲೆಯನ್ನು ಕೊಯ್ದು, ಬಿಸಿಲು ತಾಗದಂತೆ ಕಡ್ಡಿ ಮತ್ತು ಮಣ್ಣಿನಿಂದ ಮುಚ್ಚಿಡುತ್ತಾರೆ. ಕೆಲವು ದಿನಗಳಲ್ಲಿ ಗಾಯದ ಮೇಲೆ ಬಿಳಿಯ ಹಾಲು ಅಂಟಾಗಿ ಗಟ್ಟಿಯಾಗುತ್ತದೆ. ಅದನ್ನು ಕೆರೆದು ತೆಗೆದು ಮತ್ತೊಂದು ತೆಳು ಬಿಲ್ಲೆ ಕೊಯ್ಯುತ್ತಾರೆ. ಬೇರು ಬರಿದಾಗುವವರೆಗೆ, ಸುಮಾರು ಮೂರು ತಿಂಗಳು, ಇದೇ ಕೆಲಸ ನಡೆಯುತ್ತದೆ. ಹೀಗೆ ಕೊಯ್ದ ಗಿಡ ಬೀಜ ಕೊಡದೆ ಸಾಯುತ್ತದೆ. ಒಂದು ಇಳಿಜಾರಿನ ಬಲಿತ ಗಿಡಗಳನ್ನೆಲ್ಲ ಕೊಯ್ದರೆ ಅಲ್ಲಿ ಮುಂದಿನ ಪೀಳಿಗೆ ಎಲ್ಲಿಂದ ಬರಬೇಕು? ಪ್ರಾಚೀನ ಲಿಬಿಯಾದ ಸೈರೀನ್ ಪ್ರಾಂತ್ಯದಲ್ಲಿ ಇದೇ ಕುಟುಂಬದ್ದೆಂದು ಬಹುತೇಕ ವಿದ್ವಾಂಸರು ಭಾವಿಸುವ ಸಿಲ್ಫಿಯಂ ಎಂಬ ಗಿಡ ಬೆಳೆಯುತ್ತಿತ್ತು. ಅದು ಕೊನೆಗೆ ಕಣ್ಮರೆಯಾಯಿತು; ತನ್ನ ಕಾಲದಲ್ಲಿ ಅದರ ಒಂದೇ ಒಂದು ಕಾಂಡ ಸಿಕ್ಕಿತೆಂದೂ ಅದನ್ನು ನೀರೋ ಚಕ್ರವರ್ತಿಗೆ ಕಳುಹಿಸಲಾಯಿತೆಂದೂ ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ.

ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆಯವರು ಇರಾನಿನಿಂದ ಬೀಜ ತರಿಸಿ, 2020ರ ಅಕ್ಟೋಬರ್ 15ರಂದು ಲಾಹೌಲಿನ ಕ್ವಾರಿಂಗ್ ಗ್ರಾಮದಲ್ಲಿ ಮೊದಲ ಸಸಿ ನೆಟ್ಟರು. ಸುಲಭವಾಗಿ ಮೊಳೆಯದ ಬೀಜವಿದು. ಆ ವಿಜ್ಞಾನಿಗಳ ತಾಳ್ಮೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಪಶ್ಚಿಮ ಹಿಮಾಲಯದಲ್ಲಿ ಇಂಗಿನ ಸೋದರ ಸಸ್ಯವಾದ ಫೆರುಲಾ ಜೆಶ್ಕಿಯಾನಾ ಮೊದಲಿನಿಂದಲೂ ತಾನಾಗಿಯೇ ಬೆಳೆಯುತ್ತಿದೆ. ಮಾರುಕಟ್ಟೆಯ ಇಂಗು ಅದರಿಂದ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದರ ನೆಲವನ್ನು ಬಂಜರೆಂದು ಕರೆದು ಉತ್ತು ಹೊಸ ಬೆಳೆಗೆ ಕೊಡುವುದು ಸರಿಯಲ್ಲ. ಹೊಸ ತೋಟಗಳು ಈಗಾಗಲೇ ಉಳುಮೆಯಲ್ಲಿರುವ ಭೂಮಿಯಲ್ಲೇ ಆಗಲಿ. ಪ್ರತಿ ತೋಟದಲ್ಲೂ ಒಂದಷ್ಟು ಗಿಡಗಳನ್ನು ಕೊಯ್ಯದೆ ಬೀಜಕ್ಕೆ ಬಿಡಲಿ.

ಈ ವಿಷಯದ ಮುಂದಿನ ವರದಿಗಳಲ್ಲಿ ಎಷ್ಟು ಸಸಿ ನೆಟ್ಟರು ಎಂಬುದರ ಜೊತೆಗೆ ಎಷ್ಟು ಗಿಡ ಹೂಬಿಟ್ಟು ಬೀಜ ಕೊಟ್ಟವು ಎಂಬುದನ್ನೂ ತಮ್ಮ ವರದಿಗಾರರು ಕೇಳಿ ಬರೆಯಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಸ್ಯಶಾಸ್ತ್ರದ ನಿವೃತ್ತ ಅಧ್ಯಾಪಕಿ