ಮಗಳಿಗೊಂದು ಪತ್ರ: ಸಾವಿಲ್ಲದ ಅಪ್ಪ, ಮುಪ್ಪಾಗುವ ಮಗಳು

ಪ್ರೀತಿಯ ಪುಟ್ಟಿ,

‘ಹೈಲ್ಯಾಂಡರ್’ ಸಿನಿಮಾವನ್ನು ಅರ್ಧಕ್ಕೇ ನಿಲ್ಲಿಸಿದೆ ಅಂತ ಫೋನಿನಲ್ಲಿ ಹೇಳಿದೆಯಲ್ಲ. ‘ಬರೀ ತಲೆ ಕಡಿಯೋದೇ ಆಯ್ತು, ಇದರಲ್ಲಿ ನಿಂಗೇನು ಕಾಣಿಸ್ತಮ್ಮಾ?’ ಅಂದೆ. ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಮೇಲುಮೇಲೆ ನೋಡಿದರೆ ಕಥೆ ನೀನು ಹೇಳಿದ ಹಾಗೇ ಇದೆ. ಕಾನರ್ ಮೆಕ್ಲಾಡ್ 1518ರಲ್ಲಿ ಸ್ಕಾಟ್‌ಲೆಂಡಿನ ಗ್ಲೆನ್‌ಫಿನ್ನನ್‌ನಲ್ಲಿ ಹುಟ್ಟಿದವನು. 1536ರ ಒಂದು ಕಾಳಗದಲ್ಲಿ ಯಾರೂ ಬದುಕಲಾರದಂಥ ಏಟು ಬೀಳುತ್ತದೆ. ಆದರೂ ಎದ್ದು ಕೂರುತ್ತಾನೆ. ಇವನ ಮೈಮೇಲೆ ಸೈತಾನ ಬಂದಿದ್ದಾನೆ ಅಂತ ಊರಿನವರೇ ಹೊಡೆದು ಓಡಿಸುತ್ತಾರೆ. ಇವನಂಥವರು ಲೋಕದಲ್ಲಿ ಇನ್ನೂ ಕೆಲವರಿದ್ದಾರೆ. ತಲೆ ಕಡಿದರೆ ಮಾತ್ರ ಅವರಿಗೆ ಸಾವು. ದೇವರ ನೆಲದಲ್ಲಿ ಕತ್ತಿ ಎತ್ತುವ ಹಾಗಿಲ್ಲ. ಕೊನೆಗೆ ಒಬ್ಬನೇ ಉಳಿಯಬೇಕು. ಆ ಕೊನೆಯ ಲೆಕ್ಕ ತೀರುವುದು 1985ರ ನ್ಯೂಯಾರ್ಕಿನಲ್ಲಿ.

ಕತ್ತಿಯ ಜಗಳಗಳನ್ನೂ ನಾನು ಇಷ್ಟಪಟ್ಟೇ ನೋಡುತ್ತೇನೆ. ನಟರಿಗೆ ಅದನ್ನು ಕಲಿಸಿದವರು ಬಾಬ್ ಆಂಡರ್ಸನ್. ಒಲಿಂಪಿಕ್ಸ್‌ನಲ್ಲಿ ಕತ್ತಿವರಸೆ ಆಡಿದವರು. ಕತ್ತಿಗೆ ಕತ್ತಿ ತಾಗಿದಾಗ ಹಾರುವ ಕಿಡಿ ಇದೆಯಲ್ಲ, ಅದು ಕಂಪ್ಯೂಟರಿನಲ್ಲಿ ಮಾಡಿದ್ದಲ್ಲ. ಕತ್ತಿಗಳಿಗೆ ತಂತಿ ಸೇರಿಸಿ, ಬ್ಯಾಟರಿಗೆ ಜೋಡಿಸಿ ಹುಟ್ಟಿಸಿದ ನಿಜವಾದ ಕಿಡಿ. ನಾಯಕ ಕ್ರಿಸ್ಟೋಫರ್ ಲ್ಯಾಂಬರ್ಟ್‌ಗೆ ಕನ್ನಡಕ ಇಲ್ಲದಿದ್ದರೆ ಎದುರಿನವರೂ ಸರಿಯಾಗಿ ಕಾಣುವುದಿಲ್ಲವಂತೆ. ಹಾಗೇ ಹೋರಾಡಿದ್ದಾನೆ. ಎಲ್ಲೋ ದೂರದಲ್ಲಿ ನೆಟ್ಟ ಹಾಗಿರುವ ಅವನ ಆ ನೋಟ ಈ ಪಾತ್ರಕ್ಕೇ ಹೇಳಿ ಮಾಡಿಸಿದ ಹಾಗಿದೆ.

ಫ್ರೆಂಚ್ ನಟನಿಗೆ ಸ್ಕಾಟ್‌ಲೆಂಡಿನವನ ಪಾತ್ರ, ಸ್ಕಾಟ್‌ಲೆಂಡಿನ ಶಾನ್ ಕಾನರಿಗೆ ಸ್ಪೇನಿನಿಂದ ಬಂದ ಈಜಿಪ್ಟಿನವನ ಪಾತ್ರ. ಜನ ಇದನ್ನು ಹಿಡಿದು ನಗುತ್ತಾರೆ. ನನಗಂತೂ ಸರಿಯಾಗೇ ಕಾಣುತ್ತದೆ. ನೂರಾರು ವರ್ಷ ದೇಶ ದೇಶ ಅಲೆದವನ ಮಾತಿನ ಧಾಟಿ ಯಾವ ಊರಿನದು ಅಂತ ಹೇಳೋಕಾಗುತ್ತಾ?

ಇನ್ನು ನೀನು ನಿಲ್ಲಿಸಿದ ಜಾಗದಿಂದ ಮುಂದೆ ಹೇಳುತ್ತೇನೆ. ಕಾನರ್‌ಗೆ ಹೆದರ್ ಅಂತ ಹೆಂಡತಿ. ಅವನ ಗುರು ರಮಿರೆಝ್ (ಶಾನ್ ಕಾನರಿ ಮಾಡಿದ ಪಾತ್ರ) ‘ಅವಳನ್ನು ಬಿಟ್ಟು ಹೋಗು’ ಅನ್ನುತ್ತಾನೆ. ತನ್ನ ಹೆಂಡತಿ ತೀರಿಹೋದಾಗ ಪಟ್ಟ ಸಂಕಟ ಅವನಿಗೆ ಗೊತ್ತು. ಕಾನರ್ ಕೇಳುವುದಿಲ್ಲ. ಹೆದರ್‌ಳ ಕೂದಲು ನರೆಯುತ್ತದೆ, ಬೆನ್ನು ಬಾಗುತ್ತದೆ. ಅವನು ಮಾತ್ರ ಮದುವೆಯ ದಿನ ಇದ್ದ ಹಾಗೇ ಇದ್ದಾನೆ. ಸಾಯುವಾಗ ಅವಳು ಕೇಳುವುದು ಒಂದೇ. ನನ್ನ ಹುಟ್ಟುಹಬ್ಬದ ದಿನ ಒಂದು ಮೇಣದಬತ್ತಿ ಹಚ್ಚು. 1985ರಲ್ಲೂ ಅವನು ನ್ಯೂಯಾರ್ಕಿನ ಚರ್ಚಿಗೆ ಹೋಗಿ ಹಚ್ಚುತ್ತಾನೆ.

ಆ ದೃಶ್ಯ ನೋಡಿದ ಕ್ವೀನ್ ರಾಕ್ ಸಂಗೀತ ತಂಡದ ಬ್ರಯಾನ್ ಮೇ ಮನೆಗೆ ಹೋಗುವಾಗ ಕಾರಿನಲ್ಲೇ ‘ಹೂ ವಾಂಟ್ಸ್ ಟು ಲಿವ್ ಫಾರೆವರ್’ (ಸದಾಕಾಲ ಬದುಕೋದು ಯಾರಿಗೆ ಬೇಕು?) ಹಾಡನ್ನು ಕಟ್ಟಿದರು. ಸಿನಿಮಾದಲ್ಲಿ ಹಾಡಿರುವುದು ಅದೇ ತಂಡದ ಫ್ರೆಡ್ಡಿ ಮರ್ಕ್ಯುರಿ. ಜಂಜಿಬಾರಿನಲ್ಲಿ ಹುಟ್ಟಿ, ಇಲ್ಲೇ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಪಾರ್ಸಿ ಹುಡುಗ. 1986ರಲ್ಲಿ ಈ ಹಾಡು ಬಂತು. 1991ರಲ್ಲಿ ಆತ ಹೋಗಿಬಿಟ್ಟ, 45ನೇ ವಯಸ್ಸಿಗೆ. ಅದು ಗೊತ್ತಿದ್ದು ಆ ದನಿ ಕೇಳಿದರೆ ನನಗೆ ಗಂಟಲು ಕಟ್ಟುತ್ತದೆ.

ಆದರೆ ನಾನು ನಿನಗೆ ತೋರಿಸಬೇಕು ಅಂದುಕೊಂಡಿದ್ದು ಹೆದರ್‌ಳನ್ನಲ್ಲ, ರೇಚಲ್‌ಳನ್ನು. ಅಮರರಿಗೆ ಮಕ್ಕಳಾಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಡಗಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳನ್ನು ಕಾನರ್ ನಾಜಿ ಸೈನಿಕನಿಂದ ಕಾಪಾಡುತ್ತಾನೆ. ಗುಂಡು ಅವನ ಮೈಗೆ ಬೀಳುತ್ತದೆ. ಸತ್ತ ಅಂತ ಮಗು ನಡುಗುವಾಗ ಎದ್ದು, ಇದೊಂಥರಾ ಮಾಯೆ ಕಣೇ ಅನ್ನುವ ಹಾಗೆ ಸಮಾಧಾನ ಮಾಡುತ್ತಾನೆ. ಅವಳನ್ನು ಸಾಕುತ್ತಾನೆ. 1985ಕ್ಕೆ ಬಂದರೆ ಅವಳು ಅವನ ಹಳೆಯ ಸಾಮಾನಿನ ಅಂಗಡಿ ನೋಡಿಕೊಳ್ಳುವ ನಡುವಯಸ್ಸಿನ ಹೆಂಗಸು. ಅಪ್ಪನಿಗಿಂತ ಮಗಳೇ ದೊಡ್ಡವಳ ಹಾಗೆ ಕಾಣುತ್ತಾಳೆ. ಅವನು ಒಂಟಿಯಾಗಿ ಬದುಕುತ್ತಾನೆ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಅಂತ ತಾಯಿಯ ಹಾಗೆ ಗದರುತ್ತಾಳೆ.

ತಾವು ಹೋದಮೇಲೆ ಮಕ್ಕಳು ಏನು ಮಾಡುತ್ತವೋ ಅಂತ ಎಲ್ಲ ಹೆತ್ತವರಿಗೂ ಚಿಂತೆ. ಈ ಅಪ್ಪನಿಗೆ ಉಲ್ಟಾ. ಮಗಳು ಹೋದಮೇಲೂ ಇವನು ಇರಬೇಕು. ಅಶ್ವತ್ಥಾಮನ ಚಿರಂಜೀವಿತನ ಶಾಪ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಅದು ಯಾಕೆ ಶಾಪ ಅಂತ ನನ್ನ ಕಣ್ಣಿಗೆ ಕಟ್ಟಿದ್ದು ಈ ರೇಚಲ್‌ಳನ್ನು ನೋಡಿದಾಗ. ಸಿನಿಮಾದಲ್ಲಿ ಕೊನೆಗೆ ಗೆದ್ದವನಿಗೆ ಸಿಗುವ ಬಹುಮಾನವನ್ನೇ ನೋಡು. ಎಲ್ಲರ ಹಾಗೆ ಮುಪ್ಪಾಗಬಹುದು, ಮಕ್ಕಳಾಗಬಹುದು, ಸಾಯಬಹುದು. ಅದಕ್ಕಾಗಿ ಅವನು ಅಷ್ಟು ಶತಮಾನ ಕತ್ತಿ ಹಿಡಿದಿದ್ದು.

ಅಮೆರಿಕದಲ್ಲಿ ಬಿಡುಗಡೆ ಮಾಡಿದವರು ಯುದ್ಧದ ಆ ದೃಶ್ಯವನ್ನೇ ಕತ್ತರಿಸಿ ಹಾಕಿದ್ದರು! ಕೊನೆಯ ಕಾಳಗಕ್ಕೆ ಹೊರಡುವಾಗ ಕಾನರ್ ರೇಚಲ್‌ಗೆ ಮತ್ತೆ ಅದೇ ಮಾಯೆಯ ಮಾತು ಹೇಳಿ ಬೀಳ್ಕೊಡುತ್ತಾನೆ. ಮೊದಲ ದೃಶ್ಯವೇ ಇಲ್ಲದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ. ಅಲ್ಲಿ ಚಿತ್ರ ಓಡಲೂ ಇಲ್ಲ. ಯುರೋಪಿನ ಜನ ಇಷ್ಟಪಟ್ಟರು, ಆಮೇಲೆ ವಿಡಿಯೋ ಕ್ಯಾಸೆಟ್ಟುಗಳು ಅದನ್ನು ಉಳಿಸಿದವು. 1992ರಿಂದ 1998ರವರೆಗೆ ಟಿವಿ ಧಾರಾವಾಹಿಯೂ ಬಂತು. 1991ರ ಎರಡನೇ ಭಾಗವನ್ನು ಮಾತ್ರ ದಯವಿಟ್ಟು ನೋಡಬೇಡ. ಅಮರರನ್ನು ಬೇರೆ ಗ್ರಹದಿಂದ ಬಂದವರನ್ನಾಗಿ ಮಾಡಿ, ಮೊದಲ ಕಥೆಯ ಜೀವವನ್ನೇ ತೆಗೆದಿದ್ದಾರೆ.

ನೀನು ನೋಡಿದ ಪ್ರತಿಯಲ್ಲಿ ರೇಚಲ್‌ಳ ಬಾಲ್ಯ ಇದೆಯಾ ಅಂತ ಮೊದಲು ನೋಡು. ಇಲ್ಲದಿದ್ದರೆ ಇರುವ ಪ್ರತಿ ಹುಡುಕಿ ಇಟ್ಟಿರು. ದಸರಾ ರಜೆಗೆ ಬಂದಾಗ ಇಬ್ಬರೂ ಕೂತು ನೋಡೋಣ. ಗಾಜಿನ ತೊಟ್ಟಿಯ ಮೀನುಗಳಿಂದ ಕ್ಯಾಮೆರಾ ಮೇಲೇರಿ ನೇರ ಸ್ಕಾಟ್‌ಲೆಂಡಿನ ಸರೋವರಕ್ಕೆ ಬರುವುದನ್ನೂ ಆಗ ತೋರಿಸುತ್ತೇನೆ. ಅದನ್ನು ಚಿಕ್ಕ ಫೋನಿನಲ್ಲಿ ನೋಡಬಾರದು.

ಪ್ರೀತಿಯಿಂದ,
ಅಮ್ಮ