ಟಿಕೆಟ್ಟಿನಲ್ಲಿ ಪ್ರಯಾಣದ ನಿಜವಾದ ಅವಧಿ ಇರಲಿ: ಕೇಂದ್ರ ನಾಗರಿಕ ವಿಮಾನಯಾನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ಬೆಂಗಳೂರಿನ ನಾಗರಿಕನೊಬ್ಬನ ನಮಸ್ಕಾರಗಳು.

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವಿನ ವಾಯುದೂರ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನವು ಅಲ್ಲಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, ಸುಮಾರು 17 ಗಂಟೆಗಳಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದಾಗ ಇಡೀ ಊರು ಹೆಮ್ಮೆಪಟ್ಟಿತ್ತು. ಇಷ್ಟು ದೂರದ ಹಾದಿಯಲ್ಲಿ ಹೋಗುವ ಅವಧಿ ಬರುವ ಅವಧಿಗೆ ಸಮನಾಗಿರುವುದಿಲ್ಲ. ಮೇಲ್ಮಟ್ಟದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ ಬೆನ್ನಿಗಿದ್ದರೆ ಸಮಯ ಉಳಿಯುತ್ತದೆ, ಎದುರಾದರೆ ಹೆಚ್ಚುತ್ತದೆ.

ನನ್ನ ಕಳಕಳಿ ಬಸವನಗುಡಿ, ಮಲ್ಲೇಶ್ವರ, ಜಯನಗರಗಳಿಂದ ಮಗಳ ಬಾಣಂತನಕ್ಕೆಂದು ಒಬ್ಬರೇ ಹೊರಡುವ ತಾಯಂದಿರ ಬಗ್ಗೆ. ಟಿಕೆಟ್ಟಿನಲ್ಲಿ ದೊಡ್ಡದಾಗಿ ಕಾಣುವುದು ಆಯಾ ಊರಿನ ಗಡಿಯಾರದ ಸಮಯ. ಚಳಿಗಾಲದಲ್ಲಿ ಸೋಮವಾರ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟ ವಿಮಾನ 16 ಗಂಟೆ ಹಾರಿದರೂ, ಎರಡು ಊರುಗಳ ನಡುವೆ ಹದಿಮೂರೂವರೆ ಗಂಟೆಗಳ ಅಂತರವಿರುವುದರಿಂದ, ತಲುಪುವ ಸಮಯ ಅದೇ ಸೋಮವಾರ ಸಂಜೆ 4.30 ಎಂದಿರುತ್ತದೆ. ಓದಿದವರಿಗೆ ಅದು ಎರಡೂವರೆ ಗಂಟೆಯ ಪ್ರಯಾಣದಂತೆ ಕಾಣುತ್ತದೆ! ಊಟದ ಹೊತ್ತಿಗೆ ಸರಿಯಾಗಿ ಇನ್ಸುಲಿನ್ ತೆಗೆದುಕೊಳ್ಳಬೇಕಾದವರು, ರಕ್ತದೊತ್ತಡದ ಮಾತ್ರೆಯನ್ನು ತಪ್ಪಿಸಬಾರದವರು, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವವರು ಈ ಲೆಕ್ಕವನ್ನು ತಾವೇ ಮಾಡಿಕೊಳ್ಳಲಿ ಎಂದು ಬಿಟ್ಟುಬಿಡುವುದು ನ್ಯಾಯವಲ್ಲ.

ಹಾದಿಯೂ ಒಂದೇ ಆಗಿರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದ ಮೇಲೆ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತುಹಾದಿ ಹಿಡಿಯಬೇಕಾಯಿತು, ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕಾಗಿ ಯುರೋಪಿನಲ್ಲಿ ಇಳಿದು ಮುಂದುವರಿದವು. ಸುರಕ್ಷತೆಗಾಗಿ ಹಾದಿ ಬದಲಾಗುವುದಕ್ಕೆ ಯಾರ ತಕರಾರೂ ಇಲ್ಲ. ಆದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಈಗಿನ ಪ್ರಯಾಣಿಕ ನಿಯಮಗಳ ಗಮನವೆಲ್ಲ ಹೆಚ್ಚಾಗಿ ವಿಮಾನ ತಡವಾಗಿ ಹೊರಡುವುದರ, ರದ್ದಾಗುವುದರ ಮೇಲಿದೆ; ಹೊರಟ ಮೇಲೆ ಹೆಚ್ಚುವ ಗಂಟೆಗಳನ್ನೂ ಪ್ರಯಾಣಿಕರಿಗೆ ಮುಂಚಿತವಾಗಿ ತಿಳಿಸುವ ಹೊಣೆ ಅಷ್ಟೇ ಸ್ಪಷ್ಟವಾಗಿರಬೇಕು.

ಆದ್ದರಿಂದ ಹತ್ತು ಗಂಟೆಗೂ ಮೀರಿದ ಪ್ರಯಾಣದ ಪ್ರತಿ ಟಿಕೆಟ್ಟಿನಲ್ಲಿ, ಹೊರಡುವ ಸಮಯದ ಪಕ್ಕದಲ್ಲೇ ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಆಕಾಶದಲ್ಲಿ ಕಳೆಯುವ ಗಂಟೆಗಳು, ಇಂಧನಕ್ಕಾಗಿ ಇಳಿಯುವ ಊರು ಮತ್ತು ಅಲ್ಲಿ ವಿಮಾನದಲ್ಲೇ ಕುಳಿತಿರಬೇಕೇ ಎಂಬುದನ್ನು ನಮೂದಿಸುವುದನ್ನು ಕಡ್ಡಾಯಗೊಳಿಸಬೇಕೆಂದು ಕೋರುತ್ತೇನೆ. ಬೆಂಗಳೂರಿನಿಂದ ಹೊರಡುವವರಿಗೆ ಈ ವಿವರ ಕನ್ನಡದಲ್ಲಿಯೂ ಸಿಗಬೇಕು. ಅವಧಿ ಒಂದು ಗಂಟೆಗಿಂತ ಹೆಚ್ಚು ಬದಲಾದರೆ, ಪ್ರಯಾಣಿಕರು ಮನೆ ಬಿಡುವ ಮೊದಲೇ ಅವರ ಮೊಬೈಲಿಗೆ ಸಂದೇಶ ತಲುಪಬೇಕು.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಾಗರಿಕ