ಡಿಸ್ಕ್ ಓಡದಿದ್ದರೆ ಪ್ಲೇಯರ್ ಬಿಸಾಡಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಹನುಮಂತನಗರದಲ್ಲಿ ಗುಜರಿ ಗಾಡಿ ಬಂದಾಗ ಅದರ ಮೇಲೆ ಡಿವಿಡಿ ಪ್ಲೇಯರ್ ಕಂಡೇ ಕಾಣುತ್ತದೆ. ಕೊಟ್ಟವರನ್ನು ಕೇಳಿದರೆ, 'ಏನು ಹಾಕಿದ್ರೂ ನೋ ಡಿಸ್ಕ್ ಅಂತ ಬರುತ್ತೆ, ಹೆಡ್ ಹೋಗಿದೆ ಅಂದ್ರು' ಅನ್ನುತ್ತಾರೆ (ಹೆಡ್ ಅಂದರೆ ಡಿಸ್ಕ್ ಓದುವ ಲೇಸರ್ ಭಾಗ). ದಯವಿಟ್ಟು ಅಷ್ಟಕ್ಕೇ ಬಿಸಾಡಬೇಡಿ. ಮದುವೆ, ನಾಮಕರಣದ ಡಿಸ್ಕುಗಳು ಇನ್ನೂ ಬೀರುವಿನಲ್ಲೇ ಇರುತ್ತವೆ, ಈಗಿನ ಲ್ಯಾಪ್‌ಟಾಪಿನಲ್ಲಿ ಅವನ್ನು ಹಾಕೋಕೆ ಜಾಗವೂ ಇರಲ್ಲ, ಆಮೇಲೆ ಯಾವುದರಲ್ಲಿ ನೋಡ್ತೀರಿ?

ಮೊದಲು ಬೇರೆ ಬೇರೆ ಡಿಸ್ಕ್ ಹಾಕಿ ನೋಡಿ. ಹಾಡಿನ ಸಿಡಿ ಓಡಿ, ಯಾವ ಡಿವಿಡಿಯೂ ಓಡದಿದ್ದರೆ ಆಗ ಹೆಡ್ ಮೇಲೆ ಅನುಮಾನ ಪಡಿ. ಸಿಡಿ ಓದುವ ಲೇಸರ್ ಬೆಳಕಿನ ತರಂಗಾಂತರ 780 ನ್ಯಾನೊಮೀಟರ್, ಡಿವಿಡಿಯದು 650, ಅಂದರೆ ಎರಡೂ ಬೇರೆ ಬೇರೆ, ಒಂದು ಸೊರಗಿದರೂ ಇನ್ನೊಂದು ಕೆಲಸ ಮಾಡಬಹುದು. ವಿದೇಶದಿಂದ ತಂದದ್ದು ಮಾತ್ರ ಓಡದಿದ್ದರೆ ರೀಜನ್ ನೋಡಿ, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕೆಂದು ಹೇಳುವ ಸಂಖ್ಯೆ, ನಮ್ಮದು 5, ಅಮೆರಿಕದ್ದು 1.

ಮದುವೆ ಡಿವಿಡಿ ಶುರುವಿನಲ್ಲಿ ಚೆನ್ನಾಗಿ ಓಡಿ, ಧಾರೆ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆಯಾ? ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದು ಅಂಚು ನೋಡಿ. ಪ್ಲೇಯರ್ ಒಳಗಿನಿಂದ ಹೊರಗೆ ಓದುತ್ತಾ ಹೋಗುತ್ತದೆ, ನಮ್ಮ ಬೆರಳಿನ ಎಣ್ಣೆ ಜಾಸ್ತಿ ಕೂರುವುದು ಆ ಅಂಚಿನಲ್ಲೇ. ಮೆತ್ತನೆ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಲೇಬೇಡಿ, ಹಾಗೆ ಬಿದ್ದ ಗೀರು ಮಾಹಿತಿಯ ಸಾಲಿನ ಉದ್ದಕ್ಕೇ ಹೋಗುತ್ತದೆ, ಅಷ್ಟು ಉದ್ದದ ತಪ್ಪನ್ನು ಪ್ಲೇಯರ್ ಸರಿಪಡಿಸಿಕೊಳ್ಳಲಾರದು. ಸೀರೆ ಸೆರಗು, ಟೂತ್‌ಪೇಸ್ಟ್ ಎರಡೂ ಬೇಡ. ಮೇಲೆ ಕಾಗದದ ಲೇಬಲ್ ಅಂಟಿಸಿದ್ದರೆ ಡಿಸ್ಕ್ ತಿರುಗುವಾಗ ಅದುರಬಹುದು, ಅದೂ ಒಂದು ಕಾರಣ. ಹಾಗಂತ ಕಿತ್ತು ತೆಗೆಯೋಕೆ ಹೋಗಬೇಡಿ, ಡಿಸ್ಕೇ ಹಾಳಾದೀತು.

ಡಿಸ್ಕ್ ಸ್ವಚ್ಛವಿದ್ದೂ ತಡವರಿಸಿದರೆ ಲೆನ್ಸ್ ಮೇಲೆ ಧೂಳಿರಬಹುದು. ನಮ್ಮೂರಿನ ರಸ್ತೆ ಧೂಳು ಗೊತ್ತಲ್ಲ. ಲೆನ್ಸ್ ಕ್ಲೀನರ್ ಡಿಸ್ಕ್ ಒಮ್ಮೆ ಹಾಕಿ ನೋಡಿ, ಪೆಟ್ಟಿಗೆ ನೀವೇ ಬಿಚ್ಚಬೇಡಿ, ಲೇಸರ್ ಕಣ್ಣಿಗೆ ಅಪಾಯ.

ಇನ್ನೊಂದು ಮಾತು. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕಿನಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ, ಬಿಸಿಲಿಗೆ, ಸೆಕೆಗೆ ಅದು ಹಾಳಾಗುತ್ತದೆ, ಒರೆಸಿದರೆ ವಾಪಸ್ ಬರಲ್ಲ. ಓಡುತ್ತಿರುವಾಗಲೇ ಹಾರ್ಡ್‌ಡಿಸ್ಕಿಗೆ ಹಾಕಿಸಿಕೊಳ್ಳಿ, ಒಂದಲ್ಲ, ಎರಡು ಕಡೆ. ಇದರ ಬಗ್ಗೆ ನಿಮ್ಮ ಪತ್ರಿಕೆಯಲ್ಲೂ ವಿವರವಾಗಿ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಓದುಗ, ಹನುಮಂತನಗರ, ಬೆಂಗಳೂರು